ಚಪ್ಪಲಿ ಇಲ್ಲದ ಸಾರಾಂಶ

ಕಂಪ್ಯೂಟರ್ ಪರದೆಯ ಮೇಲೆ ಮತ್ತೆ ಅದೇ ಕೆಂಪು ಸಾಲು: ಇನ್ನೂರೈವತ್ತು ಪದ ಮೀರುವಂತಿಲ್ಲ. ಇಂಚಾರ್ಜ್ ಸಿಸ್ಟರ್ ಬರೆದದ್ದು ಮುನ್ನೂರ ಹದಿಮೂರಾಗಿತ್ತು. ಅವರು ಚಪ್ಪಲಿಯನ್ನು ಮೇಜಿನಡಿಗೆ ಒದ್ದು, ಬರಿಗಾಲನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟು ಕೂತರು. ಗಂಟೆ ನಾಲ್ಕೂಕಾಲು. ವೈದ್ಯಕೀಯ ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶ ಕಳಿಸಲು ಐದರವರೆಗೆ ಮಾತ್ರ ಅವಕಾಶ. ತಲೆ ಕೆಟ್ಟು ಕೆರ ಹಿಡಿದಿತ್ತು.

ಹೇಳಬೇಕಾದದ್ದು ಬೆಟ್ಟದಷ್ಟೇನಲ್ಲ. ವೃದ್ಧರ ವಾರ್ಡಿನಲ್ಲಿ ಮಂಚದಿಂದ ಇಳಿಯುವಾಗ ರೋಗಿಗಳು ಬೀಳುತ್ತಿದ್ದರು. ಮೊದಲ ಆರು ತಿಂಗಳಲ್ಲಿ ಇಪ್ಪತ್ತಮೂರು ಜನ. ಒಂದು ಸಣ್ಣ ಬದಲಾವಣೆ ಮಾಡಿದ ಮೇಲೆ, ಮುಂದಿನ ಆರು ತಿಂಗಳಲ್ಲಿ ಐದೇ ಜನ. ಹೊರಗಿನ ತಜ್ಞರು ಇದನ್ನು ಒಪ್ಪಿದರೆ ಉಳಿದ ವಾರ್ಡುಗಳಲ್ಲೂ ಜಾರಿಗೆ ತರುತ್ತೇವೆಂದು ಆಡಳಿತದವರು ಮಾತು ಕೊಟ್ಟಿದ್ದರು. ಹೋದ ವರ್ಷ ಇದೇ ಸಾರಾಂಶವನ್ನು ತಿದ್ದುವ ಗಲಾಟೆಯಲ್ಲೇ ಐದು ಗಂಟೆ ದಾಟಿಹೋಗಿತ್ತು. ಅದಾದ ತಿಂಗಳಿಗೇ ಪಕ್ಕದ ವಾರ್ಡಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಅವರು ಮತ್ತೆ ಮನೆಗೆ ಹೋಗಲೇ ಇಲ್ಲ. ಆ ಸಂಕಟ ಸಿಸ್ಟರಿಗೆ ಇನ್ನೂ ಆರಿರಲಿಲ್ಲ.

ದೊಡ್ಡ ಡಾಕ್ಟರು ನೋಡದೆ ಒಂದು ಕಾಗದವೂ ಹೊರಹೋಗಬಾರದೆಂಬುದು ಅಲ್ಲಿನ ರಿವಾಜು. ಆ ಪುಣ್ಯಾತ್ಮರು ಬೆಳಿಗ್ಗೆ "ಹಿನ್ನೆಲೆ ಸೇರಿಸಿ" ಎಂದರು, ಮಧ್ಯಾಹ್ನ "ಉದ್ದವಾಯ್ತಲ್ಲ" ಎಂದರು. 'ಬಹುಆಯಾಮದ ಪರಿಸರ ನಿರ್ವಹಣೆ' ಎಂಬುದನ್ನು ಮೂರು ಕಡೆ ತುರುಕಿದರು. ಈಗ ಫೋನು ಮಾಡಿದರೆ, "ನೋಡಿ ಸಿಸ್ಟರ್, ಬರವಣಿಗೆಗೆ ತೂಕ ಇರ್ಬೇಕು. ಚಿಲ್ಲರೆ ವಿಷಯ ಬರೆದ್ರೆ ಅಲ್ಲಿ ನಗ್ತಾರೆ," ಎಂದು ಇಟ್ಟೇಬಿಟ್ಟರು.

"ಕಾಲು ಹಾಗೇ ಇಟ್ಕೊಳಿ ಸಿಸ್ಟರಮ್ಮ, ಕೆಳಗೆ ಒರೆಸ್ತೀನಿ." ಇಪ್ಪತ್ತು ವರ್ಷದಿಂದ ಆ ವಾರ್ಡಿನ ನೆಲ ಒರೆಸುವ ಆಯಮ್ಮ ಬಕೆಟ್ಟು ಹಿಡಿದು ಬಂದಿದ್ದರು. "ಯಾಕೆ, ಮುಖ ಗಂಟು ಹಾಕ್ಕೊಂಡಿದ್ದೀರಿ?"

"ಕೇಳಿ, ನಿಮಗಾದ್ರೂ ಏನಾದ್ರೂ ಗೊತ್ತಾಗುತ್ತಾ ನೋಡೋಣ," ಎಂದು ಸಿಸ್ಟರ್ ರೇಗುತ್ತಲೇ ಇಡೀ ಸಾರಾಂಶವನ್ನು ಆಡುಮಾತಿನಲ್ಲಿ ಬಿಡಿಸಿ ಹೇಳಿದರು.

ಆಯಮ್ಮ ಒರೆಸುವ ಕೋಲಿಗೆ ಗಲ್ಲ ಊರಿ ಕೊನೆಯವರೆಗೂ ಕೇಳಿದರು. "ಎಲ್ಲಾ ಸರಿ. ಚಪ್ಪಲಿ ಎಲ್ಲಿ?"

ಸಿಸ್ಟರ್ ಪರದೆಯನ್ನು ಮೇಲಿಂದ ಕೆಳಗೆ ಹುಡುಕಿದರು. ಮೊದಲ ಕರಡಿನಲ್ಲಿ ಎರಡು ಕಡೆ ಇದ್ದ ಚಪ್ಪಲಿ ಈಗ ಎಲ್ಲೂ ಇರಲಿಲ್ಲ; ಪದ ಕಡಿಮೆ ಮಾಡುವ ಭರದಲ್ಲಿ ತಾವೇ ಅಳಿಸಿಬಿಟ್ಟಿದ್ದರು. ಒರೆಸುವ ಕೋಲು ದಿನಾ ಬೆಳಿಗ್ಗೆ ಚಪ್ಪಲಿಗಳನ್ನು ಮಂಚದಡಿಗೆ ತಳ್ಳುತ್ತಿತ್ತು. ರೋಗಿಗಳು ಅವನ್ನು ಹುಡುಕಲು ಬಗ್ಗಿ, ಮುಗ್ಗರಿಸಿ ಬೀಳುತ್ತಿದ್ದರು. ಕಂಡುಹಿಡಿದದ್ದು ಆಯಮ್ಮನೇ. "ನನ್ನ ಕೋಲೇ ಬೀಳಿಸ್ತಿದೆಯಲ್ಲ ಇವರನ್ನ" ಎಂದು ಅವತ್ತು ಅತ್ತಿದ್ದರು. ಅಂದಿನಿಂದ ಒರೆಸಿದ ಮೇಲೆ ಪ್ರತಿ ಜೋಡಿಯನ್ನೂ ಮಂಚದ ಪಕ್ಕ, ಕಾಲಿಗೆ ಸಿಗುವಂತೆ ಇಡುತ್ತಿದ್ದರು. ಇಷ್ಟೇ. ಬಹುಆಯಾಮವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ.

ಡಾಕ್ಟರ ಮೇಲಿದ್ದ ಸಿಟ್ಟು ಸಿಸ್ಟರಿಗೆ ತಮ್ಮ ಮೇಲೇ ತಿರುಗಿತು. ಬರೆದದ್ದನ್ನೆಲ್ಲ ಅಳಿಸಿ, ಚಪ್ಪಲಿಯಿಂದಲೇ ಶುರುಮಾಡಿದರು. ನೂರೆಂಬತ್ತು ಪದಕ್ಕೆ ಮಾತು ಮುಗಿದೇಹೋಯಿತು. ಲೇಖಕರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಒಂದು ಹೆಸರು ಸೇರಿಸಿದರು. ವಿದ್ಯಾರ್ಹತೆ ತುಂಬದೆ ಅರ್ಜಿ ಮುಂದೆ ಹೋಗಲೊಲ್ಲದು.

"ಆಯಮ್ಮ, ಎಷ್ಟು ಓದಿದ್ದೀರಿ?"

"ಮೂರನೇ ಕ್ಲಾಸು, ಅದೂ ಅರ್ಧ," ಎಂದು ಮೇಜಿನಡಿಯಿಂದ ದನಿ ಬಂತು. "ನನ್ನ ಹೆಸರು ಯಾಕೆ ಸಿಸ್ಟರಮ್ಮ? ದೊಡ್ಡ ಡಾಕ್ಟರು ಬೈತಾರೆ."

"ಬೈಲಿ. ನಾಳೆ ನಾನು ಬೈಸ್ಕೊಳ್ತೀನಿ."

ಮೂರನೇ ತರಗತಿ ಎಂದು ತುಂಬಿ, ಐದಕ್ಕೆ ನಾಲ್ಕು ನಿಮಿಷ ಇರುವಾಗ ಗುಂಡಿ ಒತ್ತಿದರು. ಸ್ವೀಕರಿಸಲಾಗಿದೆ ಎಂಬ ಸಾಲು ಮೂಡುವವರೆಗೂ ಪರದೆಯಿಂದ ಕಣ್ಣು ಕೀಳಲಿಲ್ಲ.

ತಿರುಗಿ ನೋಡಿದರೆ ಆಯಮ್ಮ ಆಗಲೇ ಹೊರಟುಹೋಗಿದ್ದರು. ಸಿಸ್ಟರ್ ಏಳಲೆಂದು ಮೇಜಿನಡಿಗೆ ಕಾಲು ಚಾಚಿ ತಡಕಾಡಿದರು, ಏನೂ ಸಿಗಲಿಲ್ಲ. ಕುರ್ಚಿಯ ಬಲಕ್ಕೆ, ಇನ್ನೂ ಅರ್ಧ ಒದ್ದೆಯಿದ್ದ ನೆಲದ ಮೇಲೆ, ಅವರ ಚಪ್ಪಲಿಗಳು ಜೋಡಿಯಾಗಿ ಬಾಗಿಲಿಗೆ ಮುಖಮಾಡಿ ಕೂತಿದ್ದವು.