ಉಳ್ಳಾಗಡ್ಡಿಯ ಉ

ಹೆಗಲ ಚೀಲ ಇಳಿಸುವುದನ್ನೂ ಮರೆತು ಅನ್ನಪೂರ್ಣಾ ಒಂದನೇ ತರಗತಿಯ ಬಾಗಿಲಲ್ಲೇ ನಿಂತುಬಿಟ್ಟಳು. ತರಬೇತಿಗೆಂದು ಎರಡು ವಾರ ಬೆಳಗಾವಿಗೆ ಹೋಗಿ ಬರುವಷ್ಟರಲ್ಲಿ ಅವಳ ಗೋಡೆ ಮಾಯವಾಗಿತ್ತು. ಅದರ ಜಾಗದಲ್ಲಿ ನೆಲದಿಂದ ಸೂರಿನವರೆಗೂ ಫ್ಲೆಕ್ಸು. ನಗುವ ಸೂರ್ಯ, ಕೋಟು ತೊಟ್ಟ ಮೊಲ, ಉದ್ದನೆಯ ರೈಲು, ರೈಲಿನ ಡಬ್ಬಿಗೊಂದು ಅಕ್ಷರ. ಕಣ್ಣು ಎಲ್ಲಿ ನೆಡಬೇಕೆಂದೇ ತಿಳಿಯದು. ಮಕ್ಕಳಂತೂ ಪಾಟಿ ಬದಿಗಿಟ್ಟು ಮೊಲದ ಕೋಟಿನ ಗುಂಡಿ ಎಣಿಸುತ್ತ ಕೂತಿದ್ದವು.

ಅವಳ ಗೋಡೆ ನೋಡಲು ಅಂಥ ಚೆಂದವೇನೂ ಇರಲಿಲ್ಲ. ಮಕ್ಕಳ ಎದೆಯೆತ್ತರಕ್ಕೆ ಅಂಟಿಸಿದ ರಟ್ಟುಗಳು. ಅವುಗಳ ಮೇಲೆ ಮಕ್ಕಳೇ ಬರೆದ ಚಿತ್ರ, ಮನೆಯಲ್ಲಿ ಆಡುವ ಮಾತು. ಏಣಿಯ ಚಿತ್ರಕ್ಕೆ ನಿಚ್ಚಣಿಕಿಯ ನ. ಈರುಳ್ಳಿಗೆ ಉಳ್ಳಾಗಡ್ಡಿಯ ಉ. ಈರುಳ್ಳಿ ಎಂಬ ಹೆಸರನ್ನು ಕಟಕೋಳದ ಆ ಮಕ್ಕಳು ಟೀವಿಯಲ್ಲಿ ಕೇಳಿದ್ದರೆ ಕೇಳಿರಬೇಕು, ಮನೆಯಲ್ಲಂತೂ ಇಲ್ಲ. ಆ ಉಳ್ಳಾಗಡ್ಡಿ ಬರೆದವಳು ಪ್ರಜ್ಞಾ, ಶಾಲೆ ಶುರುವಾದಾಗಿನಿಂದ ದಸರೆಯವರೆಗೂ ತುಟಿ ಪಿಟಕ್ಕೆನ್ನದ ಹುಡುಗಿ. ಒಂದು ದಿನ ತನ್ನ ಚಿತ್ರದ ಮುಂದೆ ನಿಂತು, ಅಕ್ಷರದ ಮೇಲೆ ಬೆರಳಿಟ್ಟು "ಉ" ಎಂದಿದ್ದಳು. ಆಮೇಲೆ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸವಾಯಿತು.

"ಏನ್ ಪೂನಮ್ ಇದು?"

ಪೂನಮ್ ಎರಡನೇ ತರಗತಿಯ ಟೀಚರ್. ರಾಮದುರ್ಗದಿಂದ ದಿನವೂ ಇಬ್ಬರೂ ಒಂದೇ ಬಸ್ಸಿಗೆ ಬರುವವರು, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಆ ರಟ್ಟುಗಳಿಗೆ ಸ್ಕೇಲು ಹಿಡಿದು ಗೆರೆ ಹಾಕಿದವಳೂ ಅವಳೇ. "ನಿಶ್ಚಿಂತಿಲೆ ಹೋಗ್ರಿ ಅಕ್ಕಾ, ನಿಮ್ಮ ಗ್ವಾಡಿಗೆ ಯಾರೂ ಕೈ ಹಚ್ಚದಂಗ ನೋಡ್ಕೋತೇನಿ" ಎಂದು ಕಳಿಸಿಕೊಟ್ಟಿದ್ದಳು.

"ನಾ ಏನ್ ಮಾಡ್ಲಿ ಅಕ್ಕಾ? ಹೆಡ್‌ಮಾಸ್ತರು ಹಟಾ ಹಿಡದ್ರು. ನನ್ನ ಮಾತು ಯಾರ್ ಕೇಳ್ತಾರ?" ಪೂನಮ್ ಸೆರಗಿನ ಪಿನ್ನು ಸರಿಮಾಡಿಕೊಳ್ಳುತ್ತ ಹೇಳಿದಳು. ಪಾಪ, ಇವಳಾದರೂ ಏನು ಮಾಡಿಯಾಳು ಎಂದು ಅನ್ನಪೂರ್ಣಾ ತಾನೇ ಅವಳ ಬೆನ್ನು ಸವರಿದಳು.

ಊಟದ ಹೊತ್ತಿಗೆ ಮುಂಚೆ ಫ್ಲೆಕ್ಸು ಕೊಡಿಸಿದ ಅರಿವೆ-ಬಟ್ಟೆ ಅಂಗಡಿಯ ವಿರೂಪಾಕ್ಷ ಸಾಹುಕಾರರು ಬಂದರು. ಒಂದನೇ ತರಗತಿಯಲ್ಲೇ ಎಲ್ಲರೂ ಸೇರಿದರು. ಹೆಡ್‌ಮಾಸ್ತರ ನಿಜಗುಣಪ್ಪನವರಿಗೆ ಮಾತಾಡಲು ಮೈಕು ಬೇಕಿರಲಿಲ್ಲ.

"ಇದು ನಂದಲ್ರೀ, ನಮ್ಮ ಪೂನಮ್ ಟೀಚರ್ ವಿಚಾರ. ಹಳ್ಳಿ ಮಾತು ಗ್ವಾಡಿಗೆ ಬರದ್ರ ಮಕ್ಕಳು ಮುಂದ ಹೆಂಗ ಬರತಾವ್ರೀ ಸರ್ ಅಂತ ನನ್ನ ಕಣ್ಣು ತೆರಸಿದವರು ಅವರಽ. ಹಳೇ ರಟ್ಟೆಲ್ಲಾ ಮುಂದ ನಿಂತು ಕಿತ್ತಿಸಿದವರೂ ಅವರಽ!"

ಚಪ್ಪಾಳೆ ಬಿತ್ತು. ಪೂನಮ್ ತಲೆ ಬಗ್ಗಿಸಿ ಶಾಲು ಹೊದಿಸಿಕೊಂಡಳು. ಗೋಡೆ ಹೋಗಿದ್ದಕ್ಕಿಂತ, ಮುಂಜಾನೆ ಆ ಬೆನ್ನು ಸವರಿದ್ದು ನೆನಪಾಗಿ ಅನ್ನಪೂರ್ಣಾಳಿಗೆ ಮೈಯೆಲ್ಲ ಉರಿಯಿತು. ಇದೇ ಬಾಯಿಂದ ಅಕ್ಕಾ ಎಂದಳಲ್ಲ!

"ಯಾವುದರೆ ಒಂದು ಕೂಸು ಓದಲಿ, ಕೇಳೋಣು" ಎಂದರು ಸಾಹುಕಾರರು. ಮುಂದಿನ ಸಾಲಿನಲ್ಲಿ ತುದಿಗಾಲಲ್ಲಿ ಕೂತಿದ್ದ ಪ್ರಜ್ಞಾ ಕರೆಯುವ ಮೊದಲೇ ಎದ್ದಳು. ರೈಲಿನ ಒಂದು ಡಬ್ಬಿಯಲ್ಲಿ ಗುರುತಿನ ಕೆಂಪು ಗಡ್ಡೆ ಕಂಡು ಅವಳ ಮುಖ ಅರಳಿತು. ಚಿತ್ರದ ಮೇಲೆ ಬೆರಳಿಟ್ಟು, ಕೋಣೆಗೆಲ್ಲ ಕೇಳುವಂತೆ ಕೂಗಿದಳು: "ಉ!"

ನಗೆ ಎದ್ದಿತು. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ 'ಈ' ಎಂದಿತ್ತು.

"ಹಂಗಲ್ಲ ಪುಟ್ಟಿ. ಈ, ಈರುಳ್ಳಿ" ಎಂದಳು ಪೂನಮ್.

"ಅಲ್ರೀ, ಉಳ್ಳಾಗಡ್ಡಿ ಐತ್ರಿ. ನಮ್ಮ ಅಕ್ಕೋರು ಹೇಳ್ಯಾರ." ಪ್ರಜ್ಞಾ ಹಿಂದಿರುಗಿ ನೋಡಿದಳು. "ಹೌದಲ್ರೀ ಅಕ್ಕೋರಽ?"

ಎಲ್ಲರೂ ಅನ್ನಪೂರ್ಣಾಳತ್ತ ತಿರುಗಿದರು. ಹೆಡ್‌ಮಾಸ್ತರರ ಹುಬ್ಬು ಮೇಲೇರಿತು. 'ಚಿತ್ರ ಉಳ್ಳಾಗಡ್ಡಿಯದೇ, ಅಕ್ಷರ ಮಾತ್ರ ಈ' ಎಂದು ಅವಳು ಹೇಳಿದ್ದರೆ ಸಾಕಿತ್ತು.

"ಈರುಳ್ಳಿ ಅನ್ನವ್ವ" ಎಂದಳು ಅನ್ನಪೂರ್ಣಾ.

ಪ್ರಜ್ಞಾ ಅನ್ನಲಿಲ್ಲ. ಬೆರಳನ್ನು ಗೋಡೆಯಿಂದ ತೆಗೆದು ಲಂಗದಲ್ಲಿ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು.

ಸಾಹುಕಾರರ ಕಾರು ಹೋದ ಮೇಲೆ ಅನ್ನಪೂರ್ಣಾ ಅವಳನ್ನು ಹುಡುಕಿಕೊಂಡು ಅಡುಗೆಕೋಣೆಯ ಕಡೆ ಬಂದಳು. ಬಾಗಿಲಲ್ಲಿ ಪ್ರಜ್ಞಾ ಒಬ್ಬಳೇ ತಾಟು ಹಿಡಿದು ನಿಂತಿದ್ದಳು. ಒಳಗೆ ಒಲೆಯ ಮುಂದೆ ಅಡುಗೆಯ ಶಟ್ಟೆವ್ವ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು.

"ಏ ತಂಗೀ, ಆ ಬುಟ್ಟ್ಯಾಂದು ಒಂದ್ ಉಳ್ಳಾಗಡ್ಡಿ ಕೊಡವಾ, ಲಗೂನ."

ಬುಟ್ಟಿಯಲ್ಲಿ ಬಟಾಟೆ, ಟೊಮೆಟೊ, ಉಳ್ಳಾಗಡ್ಡಿ ಎಲ್ಲವೂ ಇದ್ದವು. ಪ್ರಜ್ಞಾ ಕೈ ಹಾಕಿದಳು. ಹಾಕಿದ ಕೈಯನ್ನು ಅಲ್ಲಿಯೇ ನಿಲ್ಲಿಸಿ, ಕತ್ತೆತ್ತಿ ಅನ್ನಪೂರ್ಣಾಳ ಮುಖ ನೋಡಿದಳು.