ಅಂಟಿಕೊಂಡ ಹಾಳೆಗಳು

ಪಾದ್ರಿ ಸೆಪ್ಟಿಮಸ್ ಆರ್ಲೆಬಾರ್ ಪಲ್ಟನ್ನಿನ ಜೊತೆ ಕ್ರಿಮಿಯಾ ಯುದ್ಧಕ್ಕೆ ಬಂದು ಎಂಟು ತಿಂಗಳಾಗಿತ್ತು. ಎಷ್ಟು ಜನರನ್ನು ಮಣ್ಣು ಮಾಡಿದ್ದರೋ ಅವರಿಗೇ ನೆನಪಿರಲಿಲ್ಲ. ಮಾಡಿಸಿದ ಮದುವೆ ಮಾತ್ರ ಒಂದೂ ಇಲ್ಲ. ಹಾಗಾಗಿ ಆ ಭಾನುವಾರ ಬೂಟಿಗೆ ಎರಡು ಸಲ ಪಾಲಿಶ್ ಹಾಕಿ, ತಾವೇ ಮದುಮಗ ಎಂಬಂತೆ ಓಡಾಡುತ್ತಿದ್ದರು.

ಮದುಮಗಳು ಪಲ್ಟನ್ನಿನ ಬಟ್ಟೆ ಒಗೆಯುವ ಕೆಜಾಯಾ. ಗಂಡ ಚಳಿಗಾಲದ ಜ್ವರಕ್ಕೆ ಸತ್ತಿದ್ದ. ವಿಧವೆಯನ್ನು ಸೈನ್ಯ ಕೆಲವು ತಿಂಗಳು ಸಾಕಿ ಹಡಗು ಹತ್ತಿಸಿಬಿಡುತ್ತದೆ. ಊರಿನಲ್ಲಿ ಅವಳಿಗೆ ನರಪಿಳ್ಳೆಯೂ ಇರಲಿಲ್ಲ. ಕಾರ್ಪೊರಲ್ ಏಮಸ್ ಪ್ಲೆಡ್ಜರ್‌ಗೆ ಅವಳೆಂದರೆ ಪ್ರಾಣ. ಅವನನ್ನು ಮದುವೆಯಾದರೆ ಇಲ್ಲೇ ಇರಲಿ ಎಂದು ಕರ್ನಲ್ ಒಪ್ಪಿದ್ದರು. ಆದರೆ ಮೂರು ಭಾನುವಾರ ಸಭೆಯಲ್ಲಿ ಇಬ್ಬರ ಹೆಸರನ್ನೂ ಕೂಗಿ, ಆಕ್ಷೇಪಣೆ ಉಂಟೇ ಎಂದು ಕೇಳಲೇಬೇಕು. ಇಂದು ಮೂರನೆಯದು. ಹಡಗು ಹೊರಡುವುದೂ ಇಂದೇ ಮಧ್ಯಾಹ್ನ; ಅವಳ ಪೆಟ್ಟಿಗೆ ಆಗಲೇ ಗಾಡಿಯಲ್ಲಿತ್ತು.

ಡೋಲುಗಳನ್ನು ಪೇರಿಸಿ, ಬಾವುಟ ಹೊದಿಸಿದ ಪೀಠದ ಮುಂದೆ ಪಾದ್ರಿಗಳು ಹೆಸರು ಕೂಗಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವರು ಸಂಭ್ರಮದಿಂದ ಪ್ರಾರ್ಥನಾ ಪುಸ್ತಕ ಹಿಡಿದು, ತಾನಾಗಿ ತೆರೆದುಕೊಂಡ ಪುಟವನ್ನು ಓದತೊಡಗಿದರು. ಮುಂದಿನ ಸಾಲಿನವರು ಅಭ್ಯಾಸಬಲದಿಂದ ಬಂದೂಕು ತಲೆಕೆಳಗು ಮಾಡಿ ನಿಂತರು.

“ಪಾದ್ರಿಗಳೇ!” ಕೆಜಾಯಾ ಅವರ ತೋಳು ಹಿಡಿದಳು. “ಇದು ಹೂಳೋವಾಗ ಓದೋದಲ್ವಾ? ಇವ್ನಿನ್ನೂ ಬದುಕಿದಾನೆ!”

“ಮದ್ವೆ ಆಗೋನು ಅರ್ಧ ಸತ್ತಂಗೇ ಬಿಡಮ್ಮ,” ಎಂದಿತು ಹಿಂದಿನಿಂದ ಒಂದು ದನಿ.

ನಗುವೋ ನಗು. ಪಾದ್ರಿಗಳಿಗೆ ಮಾತ್ರ ಬೆವರಿಳಿಯಿತು. ಚಳಿಗಾಲದಲ್ಲಿ ಡೇರೆಗೆ ನೀರು ನುಗ್ಗಿ ಪುಸ್ತಕ ಇಟ್ಟಿಗೆಯಂತಾಗಿತ್ತು. ಭಾನುವಾರದ ಪ್ರಾರ್ಥನೆ, ಹೂಳುವ ಪ್ರಾರ್ಥನೆ ಬಿಟ್ಟರೆ ಉಳಿದೆಲ್ಲ ಹಾಳೆಗಳು ಅಂಟಿಕೊಂಡಿದ್ದವು. ಬೂಟು ಉಜ್ಜಿದ ಮಹಾನುಭಾವರು ಮದುವೆಯ ಪುಟವನ್ನು ತೆರೆದು ನೋಡಿರಲಿಲ್ಲ! ಮದುವೆಯ ವಿಧಿ ಬಾಯಿಪಾಠವೂ ಇಲ್ಲ.

“ಯಾರ ಹತ್ರಾನಾದ್ರೂ ಇನ್ನೊಂದು ಪುಸ್ತಕ ಇದೆಯೇನ್ರಪ್ಪಾ?”

“ಇದ್ವು ಪಾದ್ರಿಗಳೇ. ಎಲ್ಲಾ ಪೈಪು ಹಚ್ಚೋಕೆ ಖರ್ಚಾದ್ವು.”

“ಏನಮ್ಮಾ, ಹತ್ತುತೀಯೋ ಇಲ್ವೋ?” ಗಾಡಿಯವನು ಕೂಗಿದ.

ಏಮಸ್ ಹಾಳೆ ಬಿಡಿಸಲು ಚಾಕು ತೆಗೆದ.

“ಹರಿದ್ಹಾಕ್ತೀಯ, ಸರಿ ಆಚೆ!” ಕೆಜಾಯಾ ಪುಸ್ತಕ ಕಸಿದುಕೊಂಡು, ಇದ್ದೊಂದು ಒಳ್ಳೆಯ ಲಂಗವನ್ನು ಎತ್ತಿ ಹಿಡಿದು, ತನ್ನ ಬಟ್ಟೆ ಬೇಯಿಸುವ ಹಂಡೆಯತ್ತ ಓಡಿದಳು. ಹಿಂದೆ ಪಾದ್ರಿಗಳು, ಅವರ ಹಿಂದೆ ಇಡೀ ಪಲ್ಟನ್ನು. ಕುದಿಯುವ ನೀರಿನ ಹಬೆಗೆ ಪುಸ್ತಕ ಹಿಡಿದು, ಒಗೆದೊಗೆದು ಒರಟಾದ ಆ ಬೆರಳುಗಳಿಂದ ಹಾಳೆಗಳನ್ನು ಹಸುಗೂಸಿನ ಬಟ್ಟೆ ಬಿಚ್ಚಿದ ಹಾಗೆ ಬಿಡಿಸಿದಳು. ಒಂದೊಂದು ಹಾಳೆ ಬಿಟ್ಟಾಗಲೂ ಸೈನಿಕರು ಹೋ ಎಂದು ಕೂಗಿದರು.

ಮದುವೆ ಹಂಡೆಯ ಪಕ್ಕದಲ್ಲೇ ಆಯಿತು. ಗಾಡಿಯವನೇ ಪೆಟ್ಟಿಗೆ ಇಳಿಸಿಕೊಟ್ಟ. ಇಷ್ಟು ತಿಂಗಳಲ್ಲಿ ಮೊದಲ ಸಲ ಪಾದ್ರಿಗಳು ಖುಷಿಗೆ ಅತ್ತರು, ಅದನ್ನು ಮುಚ್ಚಿಡಲೂ ಇಲ್ಲ. ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಹೋದಾಗ ಕೆಜಾಯಾ ಮತ್ತೆ ಕೈ ಚಾಚಿದಳು.

“ಇಲ್ಲಿ ಕೊಡಿ ಪಾದ್ರಿಗಳೇ, ನೀರಿನ್ನೂ ಕುದೀತಿದೆ. ಮುಂದೆ ಹುಟ್ಟೋ ಮಗೂಗೆ ಜ್ಞಾನಸ್ನಾನ ಮಾಡಿಸೋ ಹಾಳೆಗಳೂ ಅಂಟ್ಕೊಂಡಿವೆ.”

ಏಮಸ್ ಕಿವಿಯವರೆಗೂ ಕೆಂಪಾದ. ಪಾದ್ರಿಗಳು ಎರಡೂ ಕೈಯಲ್ಲಿ ಪುಸ್ತಕ ಕೊಟ್ಟರು.