ಗೋಡೆಯಾಚೆಯ ಗಾಳಿ

ಬಸ್ಸಿನಿಂದ ಇಳಿದವರೆಲ್ಲ ಮೊದಲು ಕಡಲನ್ನು ನೋಡಿದರು. ನಿವೃತ್ತ ಡ್ರೈವರ್ ತಾತ ಮಾತ್ರ ಕಡಲಿಗೆ ಬೆನ್ನು ಹಾಕಿ ಬಂಗಲೆಯನ್ನು ನೋಡಿದ. ಊರು ಚೆಂದವಿತ್ತು, ಸುಳ್ಳು ಹೇಳಬಾರದು. ಮರಳಿನ ಮೇಲೆ ತೆಂಗಿನ ನೆರಳು, ಸುಣ್ಣ ಹೊಡೆದ ಮನೆಗಳ ಇಕ್ಕಟ್ಟು ಓಣಿ, ಪರದೇಶದವರು ಆಳುತ್ತಿದ್ದ ಕಾಲದ ದೀಪದ ಕಂಬಗಳು. ಎಲ್ಲರೂ ಫೋಟೋ ಹೊಡೆದುಕೊಳ್ಳುವುದರಲ್ಲಿ ಮುಳುಗಿದ್ದರು. ತಾತ ಇಷ್ಟು ದೂರ ಬಂದದ್ದು ಆ ಬಂಗಲೆಯ ಗೋಡೆಯಲ್ಲಿದ್ದ ಒಂದು ತೂತಿಗಾಗಿ.

ಆ ಬಂಗಲೆಯಲ್ಲಿ ಹಿಂದೆ ಒಬ್ಬ ಪರದೇಶದ ದೊರೆ ಇದ್ದ. ದೊರೆಯ ಹಜಾರದ ಸೂರಿಗೆ ಬೀಸಣಿಗೆಯಾಗಿ ತೂಗುಹಾಕಿದ ಉದ್ದನೆಯ ಹಲಗೆ, ಹಲಗೆಗೆ ದಪ್ಪ ಬಟ್ಟೆ, ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹೊರಗೆ ಜಗಲಿಗೆ. ಜಗಲಿಯಲ್ಲಿ ಕೂತು ಆ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಎಳೆಯುತ್ತಿದ್ದವನು ತಾತನ ಅಪ್ಪ. ಒಳಗೆ ಕಾಲಿಡುವ ಹಾಗಿರಲಿಲ್ಲ. ಅವನು ಎಷ್ಟು ಎಳೆದರೂ ದೊರೆ ಒಳಗಿನಿಂದ ಕೋಲಿನಲ್ಲಿ ಗೋಡೆ ಕುಟ್ಟುತ್ತಿದ್ದ. ಗಾಳಿಯೇ ಇಲ್ಲ, ಸೋಮಾರಿ ಮಲಗಿಬಿಟ್ಟಿದ್ದಾನೆ ಎಂದು ಕೂಗಾಡುತ್ತಿದ್ದ. ಕೊನೆಗೊಂದು ದಿನ ಕೆಲಸದಿಂದ ಕಿತ್ತುಹಾಕಿದ. ಊರಿನವರು ಸುಮ್ಮನಿರುತ್ತಾರೆಯೇ, ಅವನಿಗೆ 'ತೂಕಡಿಕೆ' ಎಂದು ಹೆಸರಿಟ್ಟರು. ಆ ಹೆಸರು ಹೊತ್ತುಕೊಂಡೇ ಅವನು ಹೆಂಡತಿ ಮಕ್ಕಳ ಜೊತೆ ಊರು ಬಿಟ್ಟ.

ಅವನ ಮಗ, ಈ ತಾತ, ಬದುಕಿಡೀ ಬಸ್ ಓಡಿಸಿದ. ಸ್ಟಿಯರಿಂಗ್ ಮುಂದೆ ಬಿಡಿ, ಮನೆಯಲ್ಲಿ ಹಬೆಯಾಡುವ ಮಧ್ಯಾಹ್ನಗಳಲ್ಲೂ ಅವನ ಕಣ್ಣು ಮುಚ್ಚಿದ್ದನ್ನು ಕಂಡವರಿಲ್ಲ. ಮೊಮ್ಮಕ್ಕಳನ್ನು ಮಲಗಿಸುವಾಗಲೂ ತಾನು ನೆಟ್ಟಗೆ ಕೂತಿರುತ್ತಿದ್ದ. ನಿವೃತ್ತಿಯಾದ ಮೇಲೂ ಹಾಗೆಯೇ. ಹೆಂಡತಿಗೆ ಇದು ಗೊತ್ತಿತ್ತು, ಹಾಗಾಗಿ ಹಟ ಹಿಡಿದು ಕರೆದುಕೊಂಡು ಬಂದಿದ್ದಳು. ಅಪ್ಪ ಸರಿಯಾಗಿ ಎಳೆಯುತ್ತಿದ್ದನೋ ಇಲ್ಲವೋ, ಅದೊಂದು ತಿಳಿಯಬೇಕಿತ್ತು ಅವನಿಗೆ.

ಗೇಟಿನ ಬಳಿ ಎಳನೀರು ಮಾರುತ್ತಿದ್ದ ಮುದುಕಿ ಅವನ ಮುಖವನ್ನೇ ದಿಟ್ಟಿಸಿದಳು. ಅವಳಿಗೂ ಅವನ ಪ್ರಾಯವೇ.

"ನೀನು ತೂಕಡಿಕೆಯ ಮಗ ಅಲ್ವೇನಪ್ಪಾ? ಅದೇ ಮೂಗು," ಅಂದಳು.

ಅವಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ, ನೆನಪಾಯಿತು, ಅಂದಳು. ತಾತನ ಮುಖ ಮಾತ್ರ ಸಣ್ಣಗಾಯಿತು.

ಬಂಗಲೆ ಈಗ ಪ್ರವಾಸಿಗರ ವಸತಿಗೃಹ. ಹಜಾರದಲ್ಲಿ ಎಲ್ಲವೂ ಹಾಗೇ ಇತ್ತು: ಸೂರಿನಲ್ಲಿ ಬೀಸಣಿಗೆ, ನಡುವೆ ಊಟದ ಮೇಜು, ಕಡಲಿನತ್ತ ತೆರೆದ ಕಿಟಕಿಯ ಬಳಿ ದೊರೆಯ ಭಾರಿ ಕುರ್ಚಿ. ಹಗ್ಗ ಹೊಸದು, ನೋಟಕ್ಕೆಂದು ಹಾಕಿದ್ದು. ಪಕ್ಕದಲ್ಲಿ 'ಮುಟ್ಟಬೇಡಿ' ಎಂಬ ಫಲಕ. ಒಂದು ಸಲ ಎಳೆದು ನೋಡಬಹುದೇ ಎಂದು ಹೆಂಡತಿ ಮ್ಯಾನೇಜರನನ್ನು ಕೇಳಿದಳು. ಅವನು ನಗುತ್ತಲೇ ಆಗುವುದಿಲ್ಲ ಎಂದ.

ಆದರೆ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಗಾಳಿ ಸತ್ತಂಥ ಮಧ್ಯಾಹ್ನ, ಕಡಲೂ ಅಲುಗಾಡುತ್ತಿರಲಿಲ್ಲ. ಮೇಜಿನ ಸುತ್ತ ಕೂತವರೆಲ್ಲ ಕೈಗೆ ಸಿಕ್ಕ ಕಾಗದದಲ್ಲಿ ಬೀಸಿಕೊಳ್ಳುತ್ತ ಮ್ಯಾನೇಜರನನ್ನು ತರಾಟೆಗೆ ತೆಗೆದುಕೊಂಡರು. ತಾತನ ಹೆಂಡತಿ ಮ್ಯಾನೇಜರನ ಬಳಿ ಹೋಗಿ ಮೆಲ್ಲಗೆ ಮತ್ತೆ ಕೇಳಿದಳು. ಈ ಸಲ ಫಲಕವನ್ನು ಅವನೇ ಎತ್ತಿಟ್ಟ.

ಅಪ್ಪನ ಎಳೆತ ಬಲ್ಲವನು ಮಗನೊಬ್ಬನೇ. ಹುಡುಗನಾಗಿದ್ದಾಗ ಅಪ್ಪನ ಕಾಲು ನೋಯುವಾಗೆಲ್ಲ ಹಗ್ಗ ಹಿಡಿದಿದ್ದ. ಹಾಗಾಗಿ ತಾತ ಜಗಲಿಗೆ ಹೋಗಿ ಅಪ್ಪ ಕೂರುತ್ತಿದ್ದ ಜಾಗದಲ್ಲೇ, ಹಗ್ಗದ ಕುಣಿಕೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತ. ಹೆಂಡತಿ ಒಳಗೆ ದೊರೆಯ ಕುರ್ಚಿಯಲ್ಲಿ ಕೂತಳು. ತಾತ ಉದ್ದಕ್ಕೆ ಎಳೆದು, ತಾನಾಗಿ ಹೋಗಲು ಬಿಟ್ಟು, ಮತ್ತೆ ಎಳೆದ. ಮೇಲೆ ಹಲಗೆ ಕಿರ್ರೆಂದು ತೂಗತೊಡಗಿತು.

"ಗಾಳಿ ಬರ್ತಿದೆಯೇನೇ?" ತೂತಿಗೆ ಬಾಯಿಟ್ಟು ಕೇಳಿದ.

"ಇಲ್ಲ ರೀ."

ಇನ್ನೂ ಜೋರಾಗಿ ಎಳೆದ. ಬೆವರು ಕಣ್ಣಿಗಿಳಿಯಿತು.

"ಇಲ್ಲಿ ಒಂದು ಚೂರೂ ಇಲ್ಲ ರೀ," ಅಂದಳು. ಅವಳು ಸುಳ್ಳು ಹೇಳುವವಳಲ್ಲ. ತಾತನಿಗೆ ಅನಿಸಿತು: ಹಾಗಾದರೆ ದೊರೆ ಹೇಳಿದ್ದೇ ನಿಜ. ಇಷ್ಟು ವರ್ಷ ನಿದ್ದೆಗೆಟ್ಟದ್ದೂ ದಂಡ. ಆದರೂ ಕಾಲು ನಿಲ್ಲಲಿಲ್ಲ.

ಅಷ್ಟರಲ್ಲಿ ಒಳಗೆ ಗಲಾಟೆ. ಮೇಜಿನ ಮೇಲಿದ್ದ ಕಾಗದಗಳೆಲ್ಲ ಹಾರಿ ನೆಲಕ್ಕೆ ಬಿದ್ದಿದ್ದವು. ಊಟಕ್ಕೆ ಕೂತವರು ಹಾಯಾಗಿ ಬೆನ್ನು ಒರಗಿಸಿದ್ದರು. ಹೆಂಡತಿ ಸೂರನ್ನು ನೋಡಿದಳು, ಮೇಜನ್ನು ನೋಡಿದಳು, ಎದ್ದು ನಡುವೆ ಹೋಗಿ ನಿಂತಳು. ಅವಳ ಸೆರಗು ಪಟಪಟನೆ ಹಾರಿತು. ಕುರ್ಚಿಯನ್ನು ಅಲ್ಲಿಗೆ ಎಳೆಯಲು ಹೋದರೆ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಗ್ಗಿ ನೋಡಿದಳು. ಮರದ ನೆಲದಲ್ಲಿ ನಾಲ್ಕು ಗುಳಿ, ಗುಳಿಗಳಲ್ಲಿ ಕೂತ ನಾಲ್ಕು ಕಾಲು. ಎಷ್ಟೋ ವರ್ಷ ಒಂದೇ ಕಡೆ ಒತ್ತಿ ಒತ್ತಿ ಆದ ಗುಳಿಗಳು.

ಅವಳು ತೂತಿನ ಬಳಿ ಓಡಿಬಂದಳು. "ರೀ, ನಿಮ್ಮ ದೊರೆ ಕಡಲು ನೋಡೋಕೆ ಅಂತ ಕಿಟಕಿ ಹತ್ರ ಕೂತಿದ್ದ. ಗಾಳಿ ಇರೋದು ನಡುಮಧ್ಯೆ. ಮಾವ ಎಳೆದಿದ್ದು ಸರಿಯಾಗೇ ಇತ್ತು."

ದೊರೆಗೆ ಕಡಲೂ ಬೇಕು, ಗಾಳಿಯೂ ಬೇಕು. ಕುರ್ಚಿ ಇತ್ತ ಸರಿಸಿ ಎಂದು ಹೇಳುವವರು ಯಾರು? ಎಳೆಯುವವನಿಗೆ ಒಳಗೆ ಕುರ್ಚಿ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ತಾತ ಹಗ್ಗ ಬಿಟ್ಟು ಗೋಡೆಗೆ ಒರಗಿ ಗಳಗಳನೆ ಅತ್ತುಬಿಟ್ಟ, ಅಳುತ್ತಲೇ ನಕ್ಕ.

ಹೆಂಡತಿ ಹೊರಗೆ ಬಂದು ಅವನ ಕಾಲಿನಿಂದ ಕುಣಿಕೆ ಬಿಡಿಸಿಕೊಂಡಳು. ನೀವು ಒಳಗೆ ಹೋಗಿ, ನಾನು ಎಳೆಯುತ್ತೇನೆ ಎಂದು ಕೂತೇಬಿಟ್ಟಳು. ತಾತ ಅಪ್ಪನಿಗೆ ಕಾಲಿಡಲು ಬಿಡದ ಮುಂಬಾಗಿಲಿನಿಂದಲೇ ಎದೆಯುಬ್ಬಿಸಿ ಒಳಗೆ ನಡೆದ. ಮ್ಯಾನೇಜರನೂ ಅತಿಥಿಗಳೂ ಸೇರಿ ದೊರೆಯ ಕುರ್ಚಿಯನ್ನು ಗುಳಿಗಳಿಂದ ಕಿತ್ತು ನಡುವೆ ತಂದು ಹಾಕಿದರು. ತಾತ ಕೂತ. ಗಾಳಿ ಬಂತು, ಕುತ್ತಿಗೆಗೆ, ಎದೆಗೆ, ಮುಖಕ್ಕೆ.

ಅವನು ತೂತಿನತ್ತ ತಿರುಗಿ, "ಅಪ್ಪಾ, ಚೆನ್ನಾಗಿ ಗಾಳಿ ಬರ್ತಿದೆ," ಎಂದ.

ಗದ್ದಲ ಕೇಳಿ ಎಳನೀರಿನ ಮುದುಕಿಯೂ ಜಗಲಿಗೆ ಬಂದಿದ್ದಳು. ಹೆಂಡತಿ ಎಲ್ಲವನ್ನೂ ಹೇಳಿದಳು, ಆ ನಾಲ್ಕು ಗುಳಿಗಳ ಸಂಗತಿಯನ್ನೂ ಬಿಡಲಿಲ್ಲ. ಮುದುಕಿ ಇಡೀ ಊರಿಗೆ ಇದನ್ನು ಹೇಳಿಯೇ ತೀರುತ್ತೇನೆ ಎಂದಳು. ಅಷ್ಟರಲ್ಲಿ ಒಳಗಿನಿಂದ ಗೊರಕೆಯ ಸದ್ದು ಕೇಳಿಸಿತು. ಹಾಡುಹಗಲಿನಲ್ಲಿ, ದೊರೆಯ ಕುರ್ಚಿಯಲ್ಲಿ, ಎಲ್ಲರೆದುರು ತಾತ ಬಾಯಿ ತೆರೆದು ಮಲಗಿದ್ದ. ಮುದುಕಿ ಎಬ್ಬಿಸಲೇ ಎಂದು ಕೇಳಿದಳು.

"ಬೇಡ ಬಿಡಿ ಅಕ್ಕಾ, ಮಲಗಲಿ," ಎಂದಳು ಹೆಂಡತಿ, ಹಗ್ಗವನ್ನು ಉದ್ದಕ್ಕೆ ಎಳೆಯುತ್ತ.